ನಗು ಇಬ್ಬರದಾಗಿರಲಿ



ಪತಿ-ಪತ್ನಿಯರ ಹಕ್ಕುಬಾಧ್ಯತೆಗಳ ಕುರಿತು ನೀವು ಸಾಕಷ್ಟು ಓದಿದ್ದೀರಿ. ಮಹ್ರ್, ಜೀವನಾಂಶ, ಮಕ್ಕಳ ಶಿಕ್ಷಣ, ಅತ್ತೆ-ಮಾವಂದಿರ ಸೇವೆ ಇವೆಲ್ಲ ನಮ್ಮ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು. ಇಂದು ನಾನು ನಿಮ್ಮ ಮುಂದಿಡಲು ಬಯಸುವ ವಿಷಯ ಅವುಗಳಿಗಿಂತ ಬಹಳ ಸಣ್ಣದು. ಪತಿ-ಪತ್ನಿಯರು ದಿನನಿತ್ಯದ ಬದುಕಿನಲ್ಲಿ ಒಬ್ಬರೊಡನೊಬ್ಬರು ಮಾಡುವ ಚಿಕ್ಕಪುಟ್ಟ ಕೀಟಲೆ, ಒಬ್ಬರನ್ನೊಬ್ಬರು ಬೆರಗುಗೊಳಿಸಲು ಹೂಡುವ ಸಣ್ಣ ಹೂಟ. ಇದನ್ನೂ ಧರ್ಮದ ತಕ್ಕಡಿಯಲ್ಲಿ ತೂಗಬೇಕೇ ಎಂದು ನೀವು ಕೇಳಬಹುದು. ತೂಗಲೇಬೇಕೆಂದು ನನಗೆ ಮನವರಿಕೆಯಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಇನ್ನೊಬ್ಬರಿಗೆ ಪಾಠವಾದೀತೆಂಬ ಆಸೆಯಿಂದ ಹೇಳುತ್ತೇನೆ.

ನಾನು ಘಟ್ಟದ ಮೇಲಿನ ಊರೊಂದರಲ್ಲಿ ಅಧ್ಯಾಪಕ. ಮನೆ ಕರಾವಳಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಜೆಯ ಬಸ್ಸು ಹಿಡಿದು ಊರಿಗೆ ಹೋಗುತ್ತೇನೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಗುರುವಾರ ಮಧ್ಯಾಹ್ನ ನಾನು ಪತ್ನಿಗೆ ಫೋನು ಮಾಡಿ, "ಈ ವಾರ ರಜೆಯಿಲ್ಲ, ಬರುವುದಿಲ್ಲ" ಎಂದೆ. ಅವಳು "ಆಗಲಿ" ಎಂದಳು. ಸ್ವರ ಸ್ವಲ್ಪ ತಗ್ಗಿತ್ತು. ನಾನು ಒಳಗೊಳಗೇ ನಕ್ಕೆ. ರಾತ್ರಿ ಹತ್ತೂವರೆಗೆ ಮನೆ ತಲುಪಿ, ಬಾಗಿಲು ತಟ್ಟುವ ಬದಲು ಹಿಂಬದಿಗೆ ಹೋಗಿ ಮಲಗುವ ಕೋಣೆಯ ಕಿಟಕಿಯನ್ನು ತಟ್ಟಿದೆ. ಒಳಗಿನಿಂದ "ಯಾರು?" ಎಂದಳು. ಸ್ವರ ಬದಲಿಸಿ ಏನೋ ಗೊಣಗಿದೆ.

ಆ ದಿನ ನನ್ನ ತಾಯಿ ತಂಗಿಯ ಮನೆಗೆ ಹೋಗಿದ್ದರು. ಮನೆಯಲ್ಲಿ ಇದ್ದುದು ಅವಳು ಮತ್ತು ಎರಡು ಸಣ್ಣ ಮಕ್ಕಳು. ಅದು ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅವಳು ಕಿರುಚಿದಳು. ಮಕ್ಕಳು ಎದ್ದು ಅಳತೊಡಗಿದರು. ನಾನು ನಗುತ್ತಾ ಮುಂಬಾಗಿಲಿಗೆ ಬಂದು ನನ್ನ ಹೆಸರು ಹೇಳಿದೆ. ಬಾಗಿಲು ತೆರೆದಾಗ ಅವಳ ಕೈಯಲ್ಲಿ ಅಡಿಗೆಮನೆಯ ಕತ್ತಿಯಿತ್ತು. ಕೈ ನಡುಗುತ್ತಿತ್ತು. ಆ ಹೊತ್ತಿನಲ್ಲಿ ನಗುತ್ತಿದ್ದವನು ನಾನೊಬ್ಬನೇ.

ಮರುದಿನ ಬೆಳಿಗ್ಗೆ ಅವಳು ಜಗಳವಾಡಲಿಲ್ಲ. ಚಹಾ ಮುಂದಿಟ್ಟು ಇಷ್ಟೇ ಹೇಳಿದಳು: "ನೀವು ಬರುವುದಿಲ್ಲವೆಂದಿರಿ, ನಿಮಗೆಂದು ತೆಗೆದಿಟ್ಟ ಮೀನನ್ನು ಮಕ್ಕಳಿಗೆ ಹಾಕಿದೆ. ಚಿಲಕವನ್ನು ಎರಡೆರಡು ಸಲ ನೋಡಿದೆ. ನೀವು ಬರುತ್ತೀರೆಂದು ಗೊತ್ತಿದ್ದರೆ ಅದೇ ಸದ್ದು ಕೇಳಿ ಓಡಿ ಬರುತ್ತಿದ್ದೆ."

ಸದ್ದು ಒಂದೇ. ಒಂದು ಮಾತು ಸುಳ್ಳಾದುದರಿಂದ ಸಂತೋಷವಾಗಬೇಕಿದ್ದ ಸದ್ದು ಭಯವಾಯಿತು. ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮಕ್ಕಳಿಗೆ ಹದೀಸ್ ಕಲಿಸುವವನು ನಾನು. ಮನೆಯವಳನ್ನು ನಗಿಸಬೇಕೆಂದು ಹೊರಟವನು ಅವಳನ್ನು ನಡುಗಿಸಿ ಬಂದಿದ್ದೆ. ಹಾಗಾದರೆ ತಪ್ಪು ಎಲ್ಲಿತ್ತು? ಕೀಟಲೆಯೇ ತಪ್ಪೇ, ಅಥವಾ ಕೀಟಲೆಯ ಬಗೆ ತಪ್ಪೇ?

ಕೀಟಲೆಯೇ ತಪ್ಪು ಎನ್ನುವವರಿದ್ದಾರೆ. ನಮ್ಮ ಹಿರಿಯರಲ್ಲಿ ಹಲವರ ಅಭಿಪ್ರಾಯ ಅದೇ. ಗಂಡಸು ಮನೆಯಲ್ಲಿ ಗಂಭೀರವಾಗಿರಬೇಕು, ಅದರಲ್ಲೂ ದೀನೀ ವಿದ್ಯೆ ಕಲಿತವನು ಹೆಂಡತಿಯೊಡನೆ ಆಟವಾಡಿದರೆ ಗೌರವ ಉಳಿಯದು ಎಂದು ಅವರು ಹೇಳುತ್ತಾರೆ. ನಾನು ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅತಿಯಾದ ತಮಾಷೆ ಮನಸ್ಸನ್ನು ಒರಟಾಗಿಸುತ್ತದೆ ಎಂಬುದು ನಿಜ. ಆದರೆ ಗೌರವದಲ್ಲಿ ಯಾರೂ ಸರಿಗಟ್ಟಲಾಗದ ಪ್ರವಾದಿವರ್ಯರು(ಸ) ತಮ್ಮ ಮನೆಯಲ್ಲಿ ಹೇಗಿದ್ದರೆಂಬುದನ್ನು ನಾವು ನೋಡಬೇಡವೇ?

ಹಝ್ರತ್ ಆಯಿಶಾ(ರ) ಸ್ವತಃ ತಿಳಿಸಿರುವ ಘಟನೆ ಅಬೂದಾವೂದ್ ಮತ್ತು ಮುಸ್ನದ್ ಅಹ್ಮದ್ ಗ್ರಂಥಗಳಲ್ಲಿದೆ. ಒಂದು ಪ್ರಯಾಣದಲ್ಲಿ ಅವರು ಪ್ರವಾದಿವರ್ಯರ(ಸ) ಜೊತೆಗಿದ್ದರು. ಪ್ರವಾದಿವರ್ಯರು(ಸ) ಜೊತೆಗಿದ್ದವರಿಗೆ ಮುಂದೆ ಹೋಗುವಂತೆ ಹೇಳಿ, ಅವರು ಹೋದ ಬಳಿಕ ಪತ್ನಿಯನ್ನು ಓಟದ ಪಂದ್ಯಕ್ಕೆ ಕರೆದರು. ಆಯಿಶಾ(ರ) ಗೆದ್ದರು. ಪ್ರವಾದಿವರ್ಯರು(ಸ) ಸುಮ್ಮನಾದರು. ಕಾಲ ಕಳೆಯಿತು. ಆಯಿಶಾರ(ರ) ಮೈ ತುಂಬಿಕೊಂಡಿತು, ಅವರು ಆ ಓಟವನ್ನೇ ಮರೆತಿದ್ದರು. ಮತ್ತೊಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಹಾಗೆಯೇ ಜನರನ್ನು ಮುಂದೆ ಕಳುಹಿಸಿ ಮತ್ತೆ ಓಡಲು ಕರೆದರು. ಈ ಸಲ ತಾವೇ ಗೆದ್ದು, ನಗುತ್ತಾ, ಇದು ಆ ದಿನದ ಲೆಕ್ಕಕ್ಕೆ ಸರಿಹೋಯಿತೆಂಬರ್ಥದ ಮಾತು ಹೇಳಿದರು.

ಓದುಗರೇ, ಈ ಘಟನೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಇದರಲ್ಲಿ ನಾವು ಗಮನಿಸದೆ ಬಿಡುವ ಎರಡು ಅಂಶಗಳಿವೆ. ಮೊದಲನೆಯದು, ಜನರನ್ನು ಮುಂದೆ ಕಳುಹಿಸಿದ್ದು. ಆಟ ಇಬ್ಬರದು, ನೋಡುವವರಿಗೆ ಅಲ್ಲಿ ಪಾಲಿಲ್ಲ. ಎರಡನೆಯದು, ಪತ್ನಿ ಮರೆತದ್ದನ್ನು ಪತಿ ನೆನಪಿಟ್ಟುಕೊಂಡದ್ದು. ಒಂದು ಸಮಾಜವನ್ನೇ ಕಟ್ಟುವ, ಸೈನ್ಯವನ್ನು ನಡೆಸುವ, ವಹ್ಯ್ ಸ್ವೀಕರಿಸುವ ಹೊಣೆ ಹೊತ್ತಿದ್ದ ಹೃದಯದಲ್ಲಿ, ಪತ್ನಿಯೊಡನೆ ಆಡಿದ ಒಂದು ಓಟದ ನೆನಪಿಗೂ ಜಾಗವಿತ್ತು. ಆಯಿಶಾರಿಗೆ(ರ) ಅಂದು ಸೋಲಿಗಿಂತ ಹೆಚ್ಚಾಗಿ ತಟ್ಟಿದ್ದು ಆ ನೆನಪೇ ಇರಬೇಕು.

ಬೆರಗುಗೊಳಿಸುವುದು ಪತಿಯೊಬ್ಬನ ಹಕ್ಕೂ ಆಗಿರಲಿಲ್ಲ. ಪ್ರವಾದಿವರ್ಯರು(ಸ) ಒಂದು ದಂಡಯಾತ್ರೆಯಿಂದ ಮರಳಿದಾಗ ಗಾಳಿಗೆ ಪರದೆ ಸರಿದು ಆಯಿಶಾರ(ರ) ಆಟದ ಗೊಂಬೆಗಳು ಕಂಡವು. ಅವುಗಳ ನಡುವೆ ಬಟ್ಟೆಯ ತುಂಡುಗಳಿಂದ ಮಾಡಿದ ಎರಡು ರೆಕ್ಕೆಗಳಿದ್ದ ಕುದುರೆಯೊಂದಿತ್ತು. ಕುದುರೆಗೆ ರೆಕ್ಕೆಯೇ ಎಂದು ಅವರು ಕೇಳಿದಾಗ, ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ದವಡೆಹಲ್ಲು ಕಾಣುವಂತೆ ಪ್ರವಾದಿವರ್ಯರು(ಸ) ನಕ್ಕರೆಂದು ಅಬೂದಾವೂದ್‌ನ ವರದಿಯಲ್ಲಿದೆ. ಪತ್ನಿಯ ಚುರುಕು ಮಾತು ಕೇಳಿ ಹುಬ್ಬು ಗಂಟಿಕ್ಕುವ ನಮ್ಮಂತಹವರಿಗೆ ಇದರಲ್ಲಿ ಪಾಠವಿಲ್ಲವೇ?

ಇಮಾಮ್ ಗಝಾಲಿಯವರು (ಮರಣ ಕ್ರಿ.ಶ. 1111) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ವಿವಾಹದ ಶಿಷ್ಟಾಚಾರಗಳನ್ನು ವಿವರಿಸುವಾಗ ಪತ್ನಿಯೊಡನೆ ವಿನೋದ, ಸರಸಗಳನ್ನೂ ಅವುಗಳಲ್ಲೊಂದಾಗಿ ಎಣಿಸಿದ್ದಾರೆ. ಕಠೋರತೆಗೆ ಹೆಸರಾದ ಉಮರ್(ರ) ಕೂಡ, ಮನುಷ್ಯನು ಮನೆಯವರೊಡನೆ ಮಗುವಿನಂತಿದ್ದು, ಹೊಣೆಯ ಸಮಯ ಬಂದಾಗ ಗಂಡಸಾಗಿ ನಿಲ್ಲಬೇಕೆಂದು ಹೇಳಿದ್ದಾಗಿ ಅವರು ಉದ್ಧರಿಸುತ್ತಾರೆ. ಆದ್ದರಿಂದ ಆಟವೇ ತಪ್ಪೆಂಬ ಮಾತು ನಿಲ್ಲುವುದಿಲ್ಲ.

ಇನ್ನು ಉಳಿದದ್ದು ಆಟದ ಬಗೆ. ಇಲ್ಲಿಯೇ ನಿಜವಾದ ಪ್ರಶ್ನೆಯಿರುವುದು. ಯಾರನ್ನಾದರೂ ಬೆರಗುಗೊಳಿಸಬೇಕಾದರೆ ಅವರಿಂದ ಏನನ್ನಾದರೂ ಮುಚ್ಚಿಡಲೇಬೇಕು. ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಅವರು ತಪ್ಪು ತಿಳಿಯುವಂತೆ ಮಾಡಬೇಕು. ಅಲ್ಲಾಹನು ಪತಿ-ಪತ್ನಿಯರನ್ನು ಪರಸ್ಪರರ ಉಡುಪೆಂದು ಬಣ್ಣಿಸಿದ್ದಾನೆ (ಅಲ್ ಬಕರಃ: 187). ಮೈಗಂಟಿದ ಉಡುಪಿನಿಂದ ಯಾರಾದರೂ ಮುಚ್ಚಿಡುವುದುಂಟೇ? ಹಾಗಿರುವಾಗ ಈ ಮುಚ್ಚುಮರೆ ಪ್ರೀತಿಯೋ, ವಂಚನೆಯೋ?

ಉತ್ತರಕ್ಕೆ ಪ್ರವಾದಿವರ್ಯರ(ಸ) ವಿನೋದದ ರೀತಿಯನ್ನೇ ನೋಡೋಣ. ಒಬ್ಬರು ಬಂದು ಸವಾರಿಗೆ ಪ್ರಾಣಿಯೊಂದನ್ನು ಕೇಳಿದರು. ಹೆಣ್ಣೊಂಟೆಯ ಮರಿಯೊಂದನ್ನು ಕೊಡುತ್ತೇನೆ ಎಂದರು ಪ್ರವಾದಿವರ್ಯರು(ಸ). ಮರಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಆ ವ್ಯಕ್ತಿ ಪೇಚಾಡಿದಾಗ, ಎಲ್ಲ ಒಂಟೆಯೂ ಒಂದು ಹೆಣ್ಣೊಂಟೆಯ ಮರಿಯೇ ಅಲ್ಲವೇ ಎಂದರು (ಅಬೂದಾವೂದ್, ತಿರ್ಮಿದಿ). ಕೇಳಿದವನು ಒಂದು ಗಳಿಗೆ ತಪ್ಪು ತಿಳಿದ. ಆದರೆ ಹೇಳಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೊನೆಗೆ ಅವನಿಗೆ ಒಳ್ಳೆಯ ಒಂಟೆಯೇ ಸಿಗುವುದಿತ್ತು. ತಾವು ತಮಾಷೆ ಮಾಡುವುದುಂಟು, ಆದರೆ ಸತ್ಯವನ್ನಲ್ಲದೆ ಹೇಳುವುದಿಲ್ಲ ಎಂದು ಅವರು ಸ್ಪಷ್ಟಪಡಿಸಿದ್ದಾರೆ. ಜನರನ್ನು ನಗಿಸಲು ಸುಳ್ಳು ಹೇಳುವವನ ಬಗ್ಗೆ ಅವರು ನೀಡಿದ ಎಚ್ಚರಿಕೆಯಂತೂ ಬಹಳ ಕಠಿಣ.

ಪತಿ-ಪತ್ನಿಯರ ನಡುವೆ ಸುಳ್ಳಿಗೆ ಅನುಮತಿಯಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ವರದಿಯಲ್ಲಿ ಅಂತಹ ರಿಯಾಯಿತಿಯ ಪ್ರಸ್ತಾಪವಿರುವುದು ಹೌದು. ಆದರೆ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಇಮಾಮ್ ನವವಿಯವರು ಅದರ ಮೇರೆಯನ್ನೂ ಹೇಳಿದ್ದಾರೆ. ಅದು ಪ್ರೀತಿಯನ್ನು ತೋರ್ಪಡಿಸುವ ಮಾತಿಗೆ ಸಂಬಂಧಿಸಿದ್ದು. ಒಬ್ಬರ ಹಕ್ಕನ್ನು ಕಸಿಯಲು ಮಾಡುವ ಮೋಸ ಸರ್ವಾನುಮತದಿಂದ ನಿಷಿದ್ಧ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ರುಚಿಯಾಗಿದೆ ಎನ್ನುವುದಕ್ಕೂ, ಸಂಬಳ ಬಂದಿದ್ದರೂ ಬಂದಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ರಿಯಾಯಿತಿ ಇರುವುದು ಮನಸ್ಸನ್ನು ಉಳಿಸಲಿಕ್ಕೆ, ಮನಸ್ಸಿನೊಡನೆ ಚೆಲ್ಲಾಟವಾಡಲಿಕ್ಕೆ ಅಲ್ಲ.

ಎರಡನೆಯ ಮೇರೆ ಭಯದ್ದು. ಸಹಾಬಿಗಳು ಪ್ರಯಾಣದಲ್ಲಿದ್ದಾಗ ಒಬ್ಬರು ನಿದ್ದೆ ಹೋಗಿದ್ದರು. ಅವರ ಬಳಿಯಿದ್ದ ಹಗ್ಗವನ್ನು ಇನ್ನೊಬ್ಬರು ಮೆಲ್ಲನೆ ಎತ್ತಿಕೊಂಡಾಗ ಅವರು ಗಾಬರಿಗೊಂಡು ಎದ್ದರು. ಒಬ್ಬ ಮುಸ್ಲಿಮನನ್ನು ಗಾಬರಿಗೊಳಿಸುವುದು ಇನ್ನೊಬ್ಬ ಮುಸ್ಲಿಮನಿಗೆ ಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ಹೇಳಿದರು (ಅಬೂದಾವೂದ್). ಒಂದು ಹಗ್ಗದ ತುಂಡಿನ ವಿಷಯ! ಗೆಳೆಯನೊಬ್ಬ ಗೆಳೆಯನಿಗೆ ಮಾಡಿದ ಚೇಷ್ಟೆ! ಅದಕ್ಕೇ ಈ ತೀರ್ಪಾದರೆ, ರಾತ್ರಿ ಹತ್ತೂವರೆಗೆ ಕಿಟಕಿ ತಟ್ಟಿದ ನನ್ನ ಗತಿಯೇನು?

ಇನ್ನೂ ಇದೆ. ಬಹುಕಾಲ ದೂರವಿದ್ದವನು ರಾತ್ರಿ ಹೊತ್ತು ಹಠಾತ್ತನೆ ಮನೆಗೆ ಬಂದಿಳಿಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಜಾಬಿರ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಒಂದು ಯುದ್ಧದಿಂದ ಮರಳುವಾಗ ಜನರು ಮದೀನಾದ ಹತ್ತಿರ ಬಂದು ಮನೆಗೆ ನುಗ್ಗಲು ಆತುರಪಟ್ಟಾಗ ಅವರನ್ನು ತಡೆದು ನಿಲ್ಲಿಸಿದರು. ಮನೆಯಲ್ಲಿರುವ ಹೆಂಗಸರು ತಲೆ ಬಾಚಿಕೊಳ್ಳಲು, ಸಿದ್ಧರಾಗಲು ಸಮಯ ಸಿಗಲಿ ಎಂಬುದು ಉದ್ದೇಶ. ಇದೇ ಜಾಬಿರ್‌ರೊಡನೆ(ರ) ಅವರ ಹೊಸ ಮದುವೆಯ ಕುರಿತು ಮಾತನಾಡುವಾಗ, ಪತಿ-ಪತ್ನಿಯರು ಪರಸ್ಪರ ಆಟವಾಡುವುದನ್ನು ಮೆಚ್ಚುಗೆಯಿಂದ ಪ್ರಸ್ತಾಪಿಸಿದವರೂ ಅವರೇ. ಆಟ ಇರಲಿ, ಆದರೆ ಎದುರಿನವರಿಗೆ ತಲೆ ಬಾಚಿಕೊಳ್ಳುವಷ್ಟು ಮರ್ಯಾದೆಯೂ ಇರಲಿ! ಎಷ್ಟು ಸೂಕ್ಷ್ಮವಾದ ಬೋಧನೆ!

ನಮ್ಮ ಕರಾವಳಿಗೆ ಈ ಬೋಧನೆ ಬಹಳ ಹತ್ತಿರದ್ದು. ಗಲ್ಫ್‌ನಲ್ಲಿ ದುಡಿಯುವ ನಮ್ಮ ಸಹೋದರರು ಎರಡು ವರ್ಷಕ್ಕೊಮ್ಮೆ ಬರುವಾಗ, ಯಾರಿಗೂ ತಿಳಿಸದೆ ಬಂದು ಬಾಗಿಲಲ್ಲಿ ನಿಲ್ಲುವುದು ಈಗ ಒಂದು ರೂಢಿಯಾಗಿದೆ. ಅದರ ಹಿಂದಿರುವುದು ಪ್ರೀತಿಯೇ, ಸಂಶಯವಿಲ್ಲ. ಆದರೂ ಸಹೋದರರೇ, ಒಂದು ಕ್ಷಣ ಆಕೆಯ ಸ್ಥಾನದಲ್ಲಿ ನಿಂತು ನೋಡಿ. ಎರಡು ವರ್ಷ ಕಾದ ದಿನ ಅದು. ಮನೆಯನ್ನು ಒಪ್ಪವಾಗಿಡಲು, ನಿಮಗಿಷ್ಟವಾದ ಅಡಿಗೆ ಮಾಡಲು, ಒಳ್ಳೆಯ ಉಡುಪು ಧರಿಸಿ ಬಾಗಿಲಿಗೆ ಬರಲು ಆಕೆ ಬಯಸಿದ್ದಳು. ನೀವು ಬಂದಾಗ ಆಕೆ ಒದ್ದೆ ಕೈಯಲ್ಲಿ ಮೀನು ಕೊಯ್ಯುತ್ತಿದ್ದಾಳೆ. ಎದುರು ನೋಡುವ ಸಂತೋಷವೂ ಒಂದು ಸಂತೋಷ. ಅದನ್ನು ಆಕೆಯಿಂದ ಕಿತ್ತುಕೊಂಡು ಇನ್ನೊಂದನ್ನು ಕೊಟ್ಟರೆ ಲಾಭವೇನು ಬಂತು? ಇನ್ನು ಹೃದಯದ ಕಾಯಿಲೆಯಿರುವ ವೃದ್ಧ ತಂದೆ-ತಾಯಿಯರಿದ್ದರೆ ಅಪಾಯವೂ ಇಲ್ಲದಿಲ್ಲ. ಮಕ್ಕಳನ್ನು ಬೆರಗುಗೊಳಿಸಬೇಕೆಂದಿದ್ದರೆ ಪತ್ನಿಯನ್ನು ನಿಮ್ಮ ಗುಟ್ಟಿನಲ್ಲಿ ಸೇರಿಸಿಕೊಳ್ಳಿ. ಗುಟ್ಟನ್ನು ಇಬ್ಬರೂ ಕೂಡಿ ಕಾಪಾಡುವುದರಲ್ಲಿರುವ ಸುಖವೂ ಕಡಿಮೆಯದಲ್ಲ.

ಮೂರನೆಯ ಮೇರೆ ನೋಡುವವರದ್ದು. ಪ್ರವಾದಿವರ್ಯರು(ಸ) ಜನರನ್ನು ಮುಂದೆ ಕಳುಹಿಸಿದ ಬಳಿಕ ಓಡಿದರು. ನಾವು ಇಂದು ಏನು ಮಾಡುತ್ತಿದ್ದೇವೆ? ಪತ್ನಿಯನ್ನು ಬೆಚ್ಚಿಬೀಳಿಸಿ, ಅವಳ ಗಾಬರಿಯನ್ನು ಮೊಬೈಲಿನಲ್ಲಿ ಸೆರೆಹಿಡಿದು ಊರಿಗೆಲ್ಲ ಹಂಚುತ್ತೇವೆ. ಅಥವಾ ನೆಂಟರು ಸೇರಿದ ಊಟದ ಮನೆಯಲ್ಲಿ ಅವಳ ದಪ್ಪ ಮೈಯನ್ನೋ, ತವರಿನ ಬಡತನವನ್ನೋ ಹಿಡಿದು ತಮಾಷೆ ಮಾಡುತ್ತೇವೆ. ಒಬ್ಬರನ್ನೊಬ್ಬರು ಗೇಲಿ ಮಾಡಬಾರದೆಂದು ಅಲ್ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ಆಜ್ಞಾಪಿಸುವಾಗ ಹೆಂಡತಿಗೆ ಅದರಿಂದ ವಿನಾಯಿತಿ ನೀಡಿಲ್ಲ. ಗಂಡನಿಗೂ ನೀಡಿಲ್ಲ. ತನ್ನ ಗಂಡನ ಪೆದ್ದುತನವನ್ನು ಅಕ್ಕಪಕ್ಕದವರ ಮುಂದೆ ಕಥೆ ಮಾಡಿ ಹೇಳುವ ಸಹೋದರಿಯರೂ ಇದನ್ನು ಗಮನಿಸಲಿ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು. ತಲಾಕ್‌ನ ಮಾತನ್ನೂ ಇನ್ನೊಂದು ಮದುವೆಯ ಮಾತನ್ನೂ ಕೀಟಲೆಯ ಸಾಮಗ್ರಿಯಾಗಿ ಮಾಡಿಕೊಂಡವರಿದ್ದಾರೆ. ವಿವಾಹ, ತಲಾಕ್, ಹಾಗೂ ತಲಾಕ್‌ನಿಂದ ಹಿಂದಿರುಗುವುದು, ಈ ಮೂರರಲ್ಲಿ ತಮಾಷೆಯೂ ನಿಜವೆಂದೇ ಪರಿಗಣಿತವಾಗುತ್ತದೆ ಎಂದು ಹದೀಸಿನಲ್ಲಿದೆ (ಅಬೂದಾವೂದ್, ತಿರ್ಮಿದಿ). ಮನೆಯ ಅಡಿಪಾಯವನ್ನು ಅಲುಗಾಡಿಸಿ ನೋಡುವುದು ಆಟವಲ್ಲ. "ಸುಮ್ಮನೆ ಹೇಳಿದೆ" ಎಂದು ನೀವು ನಕ್ಕು ಮಲಗಿದ ಮೇಲೂ ಆಕೆ ಎಚ್ಚರವಾಗಿಯೇ ಇರುತ್ತಾಳೆ.

ಈ ನಾಲ್ಕು ಮೇರೆಗಳನ್ನು ಕೇಳಿ, ಇಷ್ಟೆಲ್ಲ ಲೆಕ್ಕ ಹಾಕುವುದಾದರೆ ಸುಮ್ಮನಿರುವುದೇ ಮೇಲು ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆ ರಾತ್ರಿಯ ಬಳಿಕ ಕೆಲವು ತಿಂಗಳು ನಾನು ಮನೆಯಲ್ಲಿ ಬಹಳ ಗಂಭೀರನಾಗಿಬಿಟ್ಟೆ. ಬರುವ ಸಮಯ ತಿಳಿಸಿಯೇ ಬರುತ್ತಿದ್ದೆ, ಬಂದು ಊಟ ಮಾಡಿ ಪುಸ್ತಕ ಹಿಡಿಯುತ್ತಿದ್ದೆ. ಆ ಗಂಭೀರತೆಯನ್ನು ಮುರಿದವಳು ಅವಳೇ.

ನನಗೆ ಬದನೆಕಾಯಿ ಆಗುವುದಿಲ್ಲ. ದರ್ಸಿನಲ್ಲಿ ಓದುವಾಗ ವಾರದಲ್ಲಿ ನಾಲ್ಕು ದಿನ ನೀರಾದ ಬದನೆ ಸಾರು ಉಂಡು, ಆ ಹೆಸರು ಕೇಳಿದರೇ ತಟ್ಟೆ ಸರಿಸುವವನು. ಒಮ್ಮೆ ಊರಿಗೆ ಹೋದಾಗ ಊಟಕ್ಕೆ ಗೊಜ್ಜೊಂದು ಬಂತು. ತೆಂಗಿನಕಾಯಿ, ಹಸಿಮೆಣಸು, ಹುಣಸೆಹುಳಿ, ಕೆಂಡದ ಮೇಲೆ ಸುಟ್ಟ ಘಮ. ಎರಡು ಸಲ ಹಾಕಿಸಿಕೊಂಡೆ. "ಇದು ಯಾವ ಗೊಜ್ಜು?" ಎಂದೆ. "ಸುಟ್ಟ ಗೊಜ್ಜು" ಎಂದಳು. ರಾತ್ರಿಯೂ ಕೇಳಿ ಹಾಕಿಸಿಕೊಂಡೆ. ಮರುದಿನ ಘಟ್ಟಕ್ಕೆ ಹೊರಡುವ ಮೊದಲು ಮತ್ತೆ ಉಣ್ಣಲು ಕುಳಿತಾಗ ನನ್ನ ತಟ್ಟೆಯ ಪಕ್ಕದಲ್ಲಿ ಏನೋ ಇತ್ತು. ನೋಡಿದರೆ ಮುಳ್ಳು ಟೊಪ್ಪಿಯ ಹಸಿರು ಬದನೆ ತೊಟ್ಟು! ತಲೆಯೆತ್ತಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಕ್ಕಳಿಗೂ ಗುಟ್ಟು ಗೊತ್ತಿತ್ತೆಂದು ಕಾಣುತ್ತದೆ, ಬಾಗಿಲ ಹಿಂದಿನಿಂದ ನಗು ಉಕ್ಕಿಬಂತು. ನಾನೂ ಅನ್ನ ನೆತ್ತಿಗೇರುವಂತೆ ನಕ್ಕೆ. "ಸುಳ್ಳು ಹೇಳಿದೆಯಲ್ಲ!" ಎಂದರೆ, "ಎಲ್ಲಿ ಹೇಳಿದೆ? ಸುಟ್ಟ ಗೊಜ್ಜೇ ಅಲ್ಲವೇ? ನಿಮ್ಮ ಒಂಟೆ ಮರಿಯ ಕಥೆಯ ಹಾಗೆ" ಎಂದಳು. ಆ ಹದೀಸನ್ನು ಅವಳಿಗೆ ಹೇಳಿದವನು ನಾನೇ!

ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಅವಳದ್ದೂ ಮುಚ್ಚುಮರೆ, ನನ್ನದೂ ಮುಚ್ಚುಮರೆ. ಆದರೆ ಅವಳು ಈ ಆಟ ಹೂಡಲು ನನ್ನ ಹಳೆಯ ಹಸಿವನ್ನೂ ಬೇಸರವನ್ನೂ ತಿಳಿದಿರಬೇಕಾಯಿತು. ನನಗೆ ಯಾವ ರುಚಿ ಹಿಡಿಸುತ್ತದೆ, ಯಾವಾಗ ಗುಟ್ಟು ಬಿಚ್ಚಿದರೆ ನಗುತ್ತೇನೆ ಎಂದು ಲೆಕ್ಕ ಹಾಕಬೇಕಾಯಿತು. ಕೆಂಡದ ಮುಂದೆ ಕುಳಿತು ಬದನೆ ಸುಟ್ಟು, ಸಿಪ್ಪೆ ಸುಲಿದು, ನನ್ನ ಬಗ್ಗೆ ಅಷ್ಟು ಹೊತ್ತು ಯೋಚಿಸಿದ್ದಳು. ನಾನಾದರೋ ಕಿಟಕಿ ತಟ್ಟುವ ಮೊದಲು, ಮನೆಯಲ್ಲಿ ಅವಳೊಡನೆ ಯಾರಿದ್ದಾರೆಂದೂ ಕೇಳಿರಲಿಲ್ಲ. ನಾನು ಯೋಚಿಸಿದ್ದು ನನ್ನ ನಗುವಿನ ಬಗ್ಗೆ ಮಾತ್ರ. ವ್ಯತ್ಯಾಸವಿರುವುದು ಅಲ್ಲಿ.

ಆದ್ದರಿಂದ ಆ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇದು: ಗುಟ್ಟು ಬಯಲಾದಾಗ ಎದುರಿನವರಿಗೆ "ನನ್ನನ್ನು ಎಷ್ಟು ಬಲ್ಲರು!" ಅನ್ನಿಸಿದರೆ ಅದು ಪ್ರೀತಿ. "ನನ್ನನ್ನು ಎಷ್ಟು ಸುಲಭವಾಗಿ ಮೋಸ ಮಾಡಿದರು!" ಅನ್ನಿಸಿದರೆ, ಎಷ್ಟೇ ನಗು ಬಂದರೂ ಅದು ವಂಚನೆ. ಮೊದಲನೆಯದು ನಂಬಿಕೆಯನ್ನು ಬೆಳೆಸುತ್ತದೆ, ಎರಡನೆಯದು ಇದ್ದ ನಂಬಿಕೆಯನ್ನು ಖರ್ಚು ಮಾಡುತ್ತದೆ.

ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ನಾವು ಪರಸ್ಪರರನ್ನು ಪೂರ್ತಿ ತಿಳಿದುಬಿಟ್ಟಿದ್ದೇವೆಂದು ಭಾವಿಸುತ್ತೇವೆ. ಬಳಿಕ ನೋಡುವುದನ್ನೇ ಬಿಡುತ್ತೇವೆ. ಅವಳು ಅಡಿಗೆಮನೆಯ ಒಂದು ಸದ್ದಾಗುತ್ತಾಳೆ, ಅವನು ತಿಂಗಳ ಸಂಬಳವಾಗುತ್ತಾನೆ. ದಂಪತಿಗಳ ನಡುವೆ ತಾನಿರಿಸಿದ ಪ್ರೀತಿ ಮತ್ತು ಕರುಣೆಯನ್ನು ಅಲ್ಲಾಹನು ತನ್ನ ದೃಷ್ಟಾಂತಗಳಲ್ಲಿ ಸೇರಿಸಿ, ಆಲೋಚಿಸುವವರಿಗೆ ಅದರಲ್ಲಿ ನಿದರ್ಶನಗಳಿವೆ ಎಂದಿದ್ದಾನೆ (ಅರ್ರೂಮ್: 21). ಆಕಾಶದ ನಕ್ಷತ್ರಗಳನ್ನು ನೋಡಿ ಸುಬ್‌ಹಾನಲ್ಲಾಹ್ ಎನ್ನುವ ನಾವು, ಒಂದೇ ಚಾವಣಿಯ ಕೆಳಗಿರುವ ಈ ದೃಷ್ಟಾಂತವನ್ನು ಕಡೆಗಣಿಸಬಹುದೇ? ಸಣ್ಣದೊಂದು ಬೆರಗು ನಮ್ಮನ್ನು ಮತ್ತೆ ನೋಡುವಂತೆ ಮಾಡುತ್ತದೆ.

ಅದಕ್ಕೆ ಹಣವೂ ಬೇಡ. ಪತ್ನಿಯ ಬಾಯಿಗಿಡುವ ಒಂದು ತುತ್ತಿಗೂ ಪ್ರತಿಫಲವಿದೆಯೆಂದು ಸಅದ್ ಬಿನ್ ಅಬೀವಕ್ಕಾಸ್‌ರಿಗೆ(ರ) ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಬುಖಾರಿ). ಅವಳು ಏಳುವ ಮೊದಲೇ ಎದ್ದು ಚಹಾ ಕಾಯಿಸಿಡಿ. ಅವರ ಅಂಗಿಯ ಕಿತ್ತ ಗುಂಡಿಯನ್ನು ಹೇಳದೆ ಹೊಲಿದು, ಜೇಬಿನಲ್ಲಿ ಒಂದು ಏಲಕ್ಕಿ ಇಟ್ಟುನೋಡಿ. ಯಾವಾಗಲೋ ಆಡಿದ ಮಾತೊಂದನ್ನು ನೆನಪಿಟ್ಟು, ಆಕೆ ಮರೆತ ಮೇಲೆ ಅದನ್ನು ನೆರವೇರಿಸಿ. ಹೂಡುವ ಮೊದಲು ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಕೊನೆಯಲ್ಲಿ ನಗುವವರು ಎಷ್ಟು ಮಂದಿ? ಒಬ್ಬರು ಎಂದಾದರೆ ಕೈಬಿಡಿ.

ನಾನೀಗ ಊರಿಗೆ ಹೋಗುವಾಗ ತಿಳಿಸಿಯೇ ಹೋಗುತ್ತೇನೆ, ಮುಂಬಾಗಿಲನ್ನೇ ತಟ್ಟುತ್ತೇನೆ, ಸಲಾಮ್ ಹೇಳಿಯೇ ಒಳಗೆ ಕಾಲಿಡುತ್ತೇನೆ. ಚೀಲದಲ್ಲಿ ಏನಿದೆಯೆಂದು ಮಾತ್ರ ಹೇಳುವುದಿಲ್ಲ. ಕಳೆದ ಸಲ ಅದರಲ್ಲಿದ್ದುದು ಘಟ್ಟದ ಸಂತೆಯಿಂದ ಆರಿಸಿ ತಂದ ಒಂದು ಕಿಲೋ ಬದನೆಕಾಯಿ.

ನಮ್ಮ ಮನೆಗಳನ್ನು ನೆಮ್ಮದಿಯ ತಾಣವಾಗಿಸಲಿ, ನಮ್ಮ ನಗುವಿನಿಂದ ಯಾರ ಕಣ್ಣೂ ಒದ್ದೆಯಾಗದಿರಲಿ ಎಂದು ಕರುಣಾಮಯನಾದ ಅಲ್ಲಾಹನಲ್ಲಿ ಪ್ರಾರ್ಥಿಸೋಣ. ಆಮೀನ್.